ಕಬ್ಬಿನ ಗಾಣದಿಂದ ಕಾರಿನ ಅಚ್ಚಿಗೆ: ಹಯಾಟ್ ಬೇರಿಂಗ್ ಕಂಪನಿಯ ಕಥೆ

ಪಾತ್ ರೈಲಿನಲ್ಲಿ ನ್ಯೂಯಾರ್ಕಿಗೆ ಹೋಗಿಬರುವ ನಮ್ಮ ಸದಸ್ಯರಿಗೆ ಹ್ಯಾರಿಸನ್ ನಿಲ್ದಾಣ ಚಿರಪರಿಚಿತ. ಕ್ಲಾರ್ಕ್ ಊರಿನ ಹಯಾಟ್ ಹಿಲ್ಸ್ ಗಾಲ್ಫ್ ಮೈದಾನವನ್ನೂ ಹಲವರು ಕಂಡಿರಬಹುದು. ನ್ಯೂಜೆರ್ಸಿಯ ಈ ಎರಡು ಊರುಗಳನ್ನು ಒಂದು ಬೇರಿಂಗ್ ಕಾರ್ಖಾನೆಯ ಇತಿಹಾಸ ಬೆಸೆದಿದೆ.

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದುದು ನಮ್ಮ ಹಿರಿಯರಿಗೆ ನೆನಪಿರುತ್ತದೆ. ಎಣ್ಣೆ ಆರಿದರೆ ಚಕ್ರ ಕಿರುಗುಟ್ಟುತ್ತದೆ, ಅಚ್ಚು ಸವೆಯುತ್ತದೆ. ಅಚ್ಚಿಗೂ ಚಕ್ರಕ್ಕೂ ನಡುವೆ ಉರುಳುವ ಉಕ್ಕಿನ ತುಂಡುಗಳನ್ನಿಟ್ಟರೆ ಈ ಉಜ್ಜಾಟ ಬಹಳ ತಗ್ಗುತ್ತದೆ. ಇದೇ ರೋಲರ್ ಬೇರಿಂಗ್.

ಸೆಲ್ಯುಲಾಯ್ಡ್ ತಯಾರಿಕೆಯಿಂದ ಹೆಸರಾದ ಜಾನ್ ವೆಸ್ಲಿ ಹಯಾಟ್ ಅವರು ಕಬ್ಬು ಅರೆಯುವ ಗಾಣವೊಂದನ್ನು ರೂಪಿಸಿದ್ದರು. ಉಕ್ಕಿನ ಪಟ್ಟಿಯನ್ನು ಸುರುಳಿ ಸುತ್ತಿ ಮಾಡಿದ ಅವರ ರೋಲರು ಭಾರಕ್ಕೆ ತುಸು ಬಾಗಿಕೊಡುತ್ತಿತ್ತು. ಅದನ್ನು ತಯಾರಿಸಲು 1892ರಲ್ಲಿ ಕಂಪನಿ ಹುಟ್ಟಿತು. ಹ್ಯಾರಿಸನ್ ಅದರ ನೆಲೆಯಾಯಿತು.

1895ರಲ್ಲಿ ಎಂ.ಐ.ಟಿ. ಪದವೀಧರ ಆಲ್ಫ್ರೆಡ್ ಸ್ಲೋನ್ ತಿಂಗಳಿಗೆ 50 ಡಾಲರ್ ಸಂಬಳದ ಮೇಲೆ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದರು. ಕಂಪನಿ ಮುಳುಗುವ ಸ್ಥಿತಿಗೆ ಬಂದಾಗ ಅವರ ತಂದೆ ಮತ್ತು ತಂದೆಯ ಮಿತ್ರರೊಬ್ಬರು 5,000 ಡಾಲರ್ ಹೂಡಿದರು. ಮೋಟಾರು ಕಾರುಗಳ ಕಾಲ ಬಂದಿತು. ಫೋರ್ಡ್ ಕಂಪನಿಯೇ ದೊಡ್ಡ ಗಿರಾಕಿಯಾಯಿತು. 1916ರಲ್ಲಿ ಕಂಪನಿ 1 ಕೋಟಿ 35 ಲಕ್ಷ ಡಾಲರಿಗೆ ಮಾರಾಟವಾಗಿ, 1918ರಲ್ಲಿ ಜನರಲ್ ಮೋಟಾರ್ಸ್‌ನ ಭಾಗವಾಯಿತು. ಸ್ಲೋನ್ 1923ರಲ್ಲಿ ಜನರಲ್ ಮೋಟಾರ್ಸ್‌ನ ಅಧ್ಯಕ್ಷರಾದರು. ನ್ಯೂಯಾರ್ಕಿನ ಪ್ರಸಿದ್ಧ ಕ್ಯಾನ್ಸರ್ ಸಂಸ್ಥೆ ಸ್ಲೋನ್-ಕೆಟರಿಂಗ್ ಹೆಸರಿನಲ್ಲಿರುವವರೂ ಇವರೇ.

1938ರಲ್ಲಿ ಕ್ಲಾರ್ಕ್‌ನಲ್ಲಿ ಹೊಸ ಕಾರ್ಖಾನೆ ತೆರೆಯಿತು. ಆದರೆ ಮುಂದಿನ ಚಕ್ರಗಳಿಂದ ಎಳೆಯುವ ಕಾರುಗಳು ಹೆಚ್ಚಿದಂತೆ ಅಲ್ಲಿನ ಬೇರಿಂಗುಗಳಿಗೆ ಬೇಡಿಕೆ ಕುಸಿಯಿತು. ಜನರಲ್ ಮೋಟಾರ್ಸ್ ಕಾರ್ಖಾನೆಯನ್ನು ಕೈಬಿಡಲು ಹೊರಟಾಗ, 1981ರಲ್ಲಿ ಕಾರ್ಮಿಕರೇ ಸಂಬಳ ಕಡಿತಕ್ಕೆ ಒಪ್ಪಿ, ಸಾಲದ ಹಣದಿಂದ ಅದನ್ನು ಕೊಂಡುಕೊಂಡರು. ಹೊಸ ಹೆಸರು ಹಯಾಟ್ ಕ್ಲಾರ್ಕ್ ಇಂಡಸ್ಟ್ರೀಸ್.

ದುಡಿಯುವವರೇ ಒಡೆಯರಾದ ಈ ಪ್ರಯೋಗ ದೇಶದ ಗಮನ ಸೆಳೆಯಿತು. ಆದರೂ ಮುಖ್ಯ ಗಿರಾಕಿ ಹಳೆಯ ಒಡೆಯನಾದ ಜನರಲ್ ಮೋಟಾರ್ಸೇ. ಅದರ ಖರೀದಿ ಇಳಿದರೆ ತಡೆದುಕೊಳ್ಳುವ ಬಲ ಈ ಕಾರ್ಖಾನೆಗೆ ಇರಲಿಲ್ಲ. ಒಳಗೆ ಆಡಳಿತಕ್ಕೂ ಕಾರ್ಮಿಕ ಸಂಘಕ್ಕೂ ತಿಕ್ಕಾಟ ನಡೆದಿತ್ತು. 1987ರಲ್ಲಿ ಕಾರ್ಖಾನೆಗೆ ಬೀಗ ಬಿದ್ದಿತು. ಮುಂದೆ ಅದೇ ನೆಲದಲ್ಲಿ ಗಾಲ್ಫ್ ಮೈದಾನವಾಯಿತು.

ಷೇರು ಕೈಗೆ ಬಂದರೂ ಮಾರುಕಟ್ಟೆ ಕೈಗೆ ಬರಲಿಲ್ಲ. ಆದರೂ ಕೆಲಸ ಉಳಿಸಿಕೊಳ್ಳಲು ತಮ್ಮ ಸಂಬಳವನ್ನೇ ಒತ್ತೆಯಿಟ್ಟ ಆ ಕುಟುಂಬಗಳಿಗೆ ಆರು ವರ್ಷಗಳ ಅನ್ನ ದೊರೆತದ್ದು ಸಣ್ಣ ಮಾತಲ್ಲ. ಆ ಹಸಿರು ಮೈದಾನದ ಪಕ್ಕ ಹಾದುಹೋಗುವಾಗ ನಮ್ಮ ಮಕ್ಕಳಿಗೂ ಈ ಸಂಗತಿಯನ್ನು ತಿಳಿಸೋಣ.