ಚಂಚಲಚಿತ್ತದ ವಿದ್ಯಾರ್ಥಿ: ಕೂಲಿಮಠದಿಂದ ಸಿ.ಇ.ಟಿ.ಯವರೆಗೆ

ಕೂಲಿಮಠವೆಂದೊಡನೆ ಐಗಳ ಬೆತ್ತ, ಮರಳಿನ ಮೇಲೆ ತಿದ್ದಿದ ಅಕ್ಷರ, ಸಂಜೆಯ ಮಗ್ಗಿ ಇವು ನೆನಪಿಗೆ ಬರುವುದು ಸಹಜ. ಒಬ್ಬ ಐಗಳ ಮುಂದೆ ಎಷ್ಟು ಮಕ್ಕಳು ಕುಳಿತಿರುತ್ತಿದ್ದರೆಂದು ಕೇಳುವವರು ವಿರಳ. ಇದಕ್ಕೆ ಉತ್ತರವುಂಟು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ 1823ರಲ್ಲಿ ಮದರಾಸು ಸರ್ಕಾರಕ್ಕೆ ಕಳುಹಿಸಿದ ವರದಿಯಲ್ಲಿ ಆ ಜಿಲ್ಲೆಯ ಶಾಲೆಗಳು 533, ಮಕ್ಕಳು 6,641 ಎಂದು ಲೆಕ್ಕ ಕೊಟ್ಟಿದ್ದಾನೆ. ಇವುಗಳಲ್ಲಿ 235 ಕನ್ನಡ ಶಾಲೆಗಳು. ಸರಾಸರಿ ಶಾಲೆಯೊಂದಕ್ಕೆ ಹನ್ನೆರಡು ಮಕ್ಕಳು! ಒಂಬತ್ತು ಲಕ್ಷಕ್ಕೂ ಮೀರಿದ ಜನರಿದ್ದ ಜಿಲ್ಲೆಗೆ ಇದು ಹೆಮ್ಮೆಯ ಸಂಖ್ಯೆಯೇನೂ ಅಲ್ಲ. ಆದರೆ ಒಳಗೆ ಕುಳಿತ ಹನ್ನೆರಡು ಮಂದಿಗೆ ಗುರುವಿನ ಕಣ್ಣು ತಪ್ಪುತ್ತಿರಲಿಲ್ಲ.

ಪಾಠದ ಕ್ರಮವನ್ನೂ ಆತ ಬಣ್ಣಿಸಿದ್ದಾನೆ. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಆಮೇಲೆ ಬಂದವರಿಗೆ ಏರುತ್ತ ಹೋಗುವ ಪೆಟ್ಟು. ಮಕ್ಕಳು ಸಾಮಾನ್ಯವಾಗಿ ನಾಲ್ಕು ಗುಂಪಾಗುತ್ತಿದ್ದರು. ಕಿರಿಯರನ್ನು ಮುಂದಿನ ಪಾಠ ಕಲಿತ ಹಿರಿಯ ಹುಡುಗನೇ ನೋಡಿಕೊಳ್ಳುವನು. ಅವನಿಗೆ ಉತ್ತರ ಕರ್ನಾಟಕದಲ್ಲಿ ಹಿರೇಮಣಿಯೆಂದು ಹೆಸರು. ಬೆರಳಿನಿಂದ ಮರಳಲ್ಲಿ ತಿದ್ದುತ್ತ ಬಾಯಲ್ಲಿ ಗಟ್ಟಿಯಾಗಿ ಹೇಳುವುದು. ಕೈ, ಕಣ್ಣು, ಬಾಯಿ ಮೂರಕ್ಕೂ ಕೆಲಸ. ಓಡುವ ಮನಸ್ಸಿಗೆ ಇದೊಂದು ಲಗಾಮು.

ಆದರೆ ಅದೇ ವರದಿಯಲ್ಲಿ ಸೋಮಾರಿ ಹುಡುಗನನ್ನು ಎರಡೂ ಕೈ ಕಟ್ಟಿ ಮಾಡಿಗೆ ನೇತುಹಾಕುವ, ಎಡೆಬಿಡದೆ ಬಸ್ಕಿ ಹೊಡೆಸುವ ಮಾತೂ ಇದೆ. ಆ ‘ಸೋಮಾರಿ’ಗಳಲ್ಲಿ ಎಷ್ಟು ಮಂದಿ ನಿಜವಾಗಿ ಸೋಮಾರಿಗಳು?

ಮದರಾಸಿನಲ್ಲಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ನಮ್ಮ ಕಡೆಯ ಈ ಮರಳ ಪಾಠವನ್ನು ಕಂಡು, 1797ರಲ್ಲಿ ಅದನ್ನು ಕುರಿತು ಪುಸ್ತಕ ಬರೆದ. ಇಂಗ್ಲೆಂಡ್ ಹಿರೇಮಣಿಯನ್ನು ಸ್ವೀಕರಿಸಿತು, ಚಿಕ್ಕ ಗುಂಪನ್ನು ಬಿಟ್ಟಿತು. ಒಂದೇ ಹಜಾರದಲ್ಲಿ ನೂರಾರು ಮಕ್ಕಳನ್ನು ತುಂಬಿದ ಶಾಲೆಗಳು ಅಲ್ಲಿ ಎದ್ದವು. ಮರುವರ್ಷ, 1798ರಲ್ಲಿ, ಅಲೆಕ್ಸಾಂಡರ್ ಕ್ರೈಟನ್ ಎಂಬ ವೈದ್ಯ ಒಂದು ವಿಷಯದಲ್ಲಿ ಗಮನ ನಿಲ್ಲಿಸಲಾರದವರನ್ನು ಕುರಿತು ಬರೆದ. 1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಬುದ್ಧಿಗೆ ಕೊರತೆಯಿಲ್ಲದ ಮಕ್ಕಳಲ್ಲೂ ಈ ಲಕ್ಷಣವನ್ನು ಕಂಡ. ಆದರೂ ಅದನ್ನು ನೈತಿಕ ಹತೋಟಿಯ ದೋಷವೆಂದೇ ಕರೆದ. ಎ.ಡಿ.ಎಚ್.ಡಿ. ಎಂಬ ಇಂದಿನ ಹೆಸರು ಬಂದದ್ದು 1987ರಲ್ಲಿ. ಅವಧಾನದ ಕೊರತೆ, ಅತಿಯಾದ ಚಟುವಟಿಕೆ ಎಂದು ಅದರ ಅರ್ಥ. (ಗಂಟೆ ಬಾರಿಸಿ, ಅಡ್ಡಮಾತು ಕೇಳಿ ಅವಧಾನಿಯನ್ನು ಕೆಣಕುವ ಅಷ್ಟಾವಧಾನವನ್ನು ಕಂಡವರು ನಾವು. ಗಮನವೆಂಬುದು ಎಷ್ಟು ಕಷ್ಟದ ಸಂಪಾದನೆಯೆಂದು ನಮಗೆ ಬೇರೆ ಹೇಳಬೇಕೆ?)

ಈಗ ನಮ್ಮ ಮಲ್ಲಿಪಟ್ಟಣದ ಕಡೆಗೆ ಬರೋಣ. ಹೊಗೆಸೊಪ್ಪು, ಆಲೂಗೆಡ್ಡೆ ಮಾರಿದ ಹಣದಲ್ಲಿ ಶುಲ್ಕ ಕಟ್ಟಿ ಮಗನನ್ನು ಹಾಸನಕ್ಕೆ ಕಳುಹಿಸುವ ಸಂಸಾರಗಳು ಇಲ್ಲಿ ಉಂಟು. ಅಲ್ಲಿ ಧ್ವನಿವರ್ಧಕದ ಮುಂದೆ ನೂರು ಮಂದಿಯ ತರಗತಿ. ಇಂಗ್ಲೆಂಡಿನ ಆ ಹಜಾರವೇ ಮರಳಿ ಬಂದಂತೆ. ಚಂಚಲಚಿತ್ತದ ಹುಡುಗ ಹಿಂದಿನ ಬೆಂಚಿನಲ್ಲಿ ಕಳೆದುಹೋಗುತ್ತಾನೆ; ಮನೆಯವರು ದುಡ್ಡೂ ಹೋಯಿತು, ಹುಡುಗನೂ ದಡ್ಡನೆಂದು ತೀರ್ಮಾನಿಸುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಕಲಿಕೆಯ ನ್ಯೂನತೆಗೆ ಸ್ಥಾನವುಂಟು, ಈ ತೊಂದರೆಗೆ ಪ್ರತ್ಯೇಕ ಹೆಸರಿಲ್ಲ. ಆದ್ದರಿಂದ ಇದೊಂದೇ ಇರುವ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚು ಕಾಲ ಸಿಕ್ಕೀತೆಂದು ನೆಚ್ಚುವಂತಿಲ್ಲ. ಸಿ.ಇ.ಟಿ.ಯ ಪತ್ರಿಕೆಯೊಂದಕ್ಕೆ 60 ಪ್ರಶ್ನೆ, 80 ನಿಮಿಷ. ನೆರವೇನಿದ್ದರೂ ಮೊದಲೇ, ಸಿದ್ಧತೆಯಲ್ಲೇ ಆಗಬೇಕು.

ಐದಾರು ಮಂದಿಯ ಗುಂಪು ಇದಕ್ಕೆ ತಕ್ಕುದು. ಹತ್ತು ಪ್ರಶ್ನೆ, ಹದಿನೈದು ನಿಮಿಷ, ಆಮೇಲೆ ಎದ್ದು ಓಡಾಡಲು ಬಿಡುವುದು. ಬಿಡಿಸಿದ್ದನ್ನು ಪಕ್ಕದವನಿಗೆ ಬಾಯಿಬಿಟ್ಟು ಹೇಳಿಸುವುದು. ಗಡಿಯಾರ ಕಣ್ಣೆದುರಿಗಿರಲಿ. ಕಳೆದ ವರ್ಷ ಪರೀಕ್ಷೆ ಬರೆದವನೊಬ್ಬ ಹಿರೇಮಣಿಯಾಗಿ ಬಂದರೆ ಉತ್ತಮ. ರೋಗನಿರ್ಣಯ, ಔಷಧಿಗಳ ಮಾತು ಮೇಷ್ಟರದಲ್ಲ. ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿದ್ದಾರೆ.

ಇನ್ನೊಂದು ಮಾತು. ಇಂಥ ಮಕ್ಕಳು ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರಕ್ಕೆ ಧಾವಿಸುವುದುಂಟು. ಸಿ.ಇ.ಟಿ.ಯಲ್ಲಿ ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ. ವೈದ್ಯಕೀಯದ ನೀಟ್ ಪರೀಕ್ಷೆಯಲ್ಲಿ ತಪ್ಪೊಂದಕ್ಕೆ ಒಂದು ಅಂಕ ಹೋಗುತ್ತದೆ. ಎರಡನ್ನೂ ಬರೆಯುವ ಹುಡುಗನಿಗೆ ಎರಡು ಬಗೆಯ ಅಭ್ಯಾಸವನ್ನು ಬೇರೆಬೇರೆ ದಿನ ಮಾಡಿಸಬೇಕು.