ಸವೆದ ಪ್ಲಾಸ್ಟಿಕ್ ಹಿಡಿಗೆ ಒರಟು ಮರಳಿಸುವುದು

ಪ್ಲಾಸ್ಟಿಕ್ ಹಿಡಿಯ ಮೇಲೆ ಅಚ್ಚಿನಲ್ಲೇ ಮೂಡಿರುವ ಗೀರು, ಚೌಕುಳಿ, ತರಿಗಳು ಕೈಯುಜ್ಜಿ ನುಣ್ಣಗಾದಾಗ ಅವನ್ನು ಮತ್ತೆ ಎಬ್ಬಿಸುವ ಕೆಲಸ. ಪಾಲಿಮರ್ ಚೌಕಟ್ಟಿನ ಪಿಸ್ತೂಲುಗಳು ಬಂದ ಮೇಲೆ (1970ರಲ್ಲಿ ಜರ್ಮನಿಯ ವಿಪಿ70, 1982ರಲ್ಲಿ ಆಸ್ಟ್ರಿಯದ ಸೇನೆ ಒಪ್ಪಿಕೊಂಡ ಗ್ಲಾಕ್ 17) ಹೊರದೇಶಗಳಲ್ಲಿ ಇದೊಂದು ಕಸುಬಾಗಿಯೇ ಬೆಳೆಯಿತು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಬಂದೂಕಿನ ದುರಸ್ತಿ ಕಸುಬಿಗೂ ಪರವಾನಗಿ ಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಮಾತ್ರ ಈ ಪ್ರಶ್ನೆ ದಿನಬೆಳಗಾದರೆ ಎದುರಾಗುವುದು ಮಚ್ಚಿನ ಹಿಡಿಯಲ್ಲಿ, ಮರ ಹತ್ತುವ ಸಾಧನದ ಹಿಡಿಕೆಯಲ್ಲಿ.

ಹಿಡಿ ಒರಟಾಗಿದ್ದಷ್ಟೂ ಗಟ್ಟಿಯಾಗಿ ಕೂರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅದು ಅರ್ಧ ಮಾತ್ರ ನಿಜ. ಒಣಗಿದ ಅಂಗೈ ನುಣುಪು ಪ್ಲಾಸ್ಟಿಕ್ಕಿಗೇ ಹೆಚ್ಚು ಅಂಟುತ್ತದೆ, ಏಕೆಂದರೆ ಅಲ್ಲಿ ಚರ್ಮ ಪೂರ್ತಿ ಮೈಗೆ ತಾಗುತ್ತದೆ. ತುಸು ಬೆವರಿದರೆ ಹಿಡಿತ ಇನ್ನೂ ಬಿಗಿಯಾಗುತ್ತದೆ. ಕೈಯಿಗೂ ಹಿಡಿಗೂ ನಡುವೆ ನೀರಿನದೋ ಎಣ್ಣೆಯದೋ ಪದರ ನಿಂತಾಗಲೇ ಜಾರಿಕೆ ಶುರು. ಹಾಗಾಗಿ ಒರಟಿನ ಮುಖ್ಯ ಕೆಲಸ ಚರ್ಮವನ್ನು ಕಚ್ಚಿ ಹಿಡಿಯುವುದಲ್ಲ, ಆ ಪದರ ಹರಿದುಹೋಗಲು ದಾರಿ ಕೊಡುವುದು. ಈ ಸೀಮೆಗೆ ಇದು ನೇರವಾಗಿ ಅನ್ವಯಿಸುತ್ತದೆ. ಇಲ್ಲಿ ಕಾಯನ್ನು ಮಟ್ಟೆಸಮೇತ ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು, ಒಳಗಿನ ನೀರು ಬತ್ತಿ ಉಂಡೆ ಕೊಬ್ಬರಿಯಾದ ಮೇಲೆ ಸುಲಿದು ಕರಟ ಒಡೆಯುತ್ತಾರೆ. ಒಣಕೊಬ್ಬರಿಯ ತೂಕದಲ್ಲಿ ಸುಮಾರು ಶೇ. 65 ಎಣ್ಣೆಯೇ, ಅದು ಕೈಗೆ, ಕೈಯಿಂದ ಹಿಡಿಗೆ ಹತ್ತದೆ ಇರದು. ಕೊಬ್ಬರಿ ಎಣ್ಣೆ 24-25 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಾರ್ಗಶಿರದ ಬೆಳಿಗ್ಗೆ ಮಚ್ಚಿನ ಹಿಡಿಯನ್ನು ಹತ್ತಿರದಿಂದ ನೋಡಿದರೆ ಗೀರುಗಳೊಳಗೆ ಧೂಳು ಬೆರೆತ ಮಾಸಲು ಬಿಳಿ ಗಟ್ಟಿಕಟ್ಟಿರುತ್ತದೆ. ಸವೆದಿದೆ ಎಂದು ಬದಿಗಿಟ್ಟ ಹಿಡಿಗಳಲ್ಲಿ ಕೆಲವು ಸವೆದೇ ಇರುವುದಿಲ್ಲ, ಹೂತುಹೋಗಿರುತ್ತವೆ. ಬಿಸಿನೀರು, ಸೋಪು ಅಥವಾ ಅಂಟುವಾಳ, ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು ಇದ್ದರೆ ಸಾಕು. ತಣ್ಣೀರು ಸಾಲದು, ಎಣ್ಣೆ ಕರಗುವುದಿಲ್ಲ.

ಮೊದಲು ತೊಳೆಯಬೇಕೆನ್ನುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಪ್ಲಾಸ್ಟಿಕ್ ತಿರುಗಿ ಬೆಳೆಯುವುದಿಲ್ಲ. ಪ್ರತಿ ಕೆತ್ತನೆಯೂ ಮೂಲದಿಂದ ಕಳೆಯುವ ಲೆಕ್ಕ. ಹತ್ತಲು ಅನುಕೂಲವಾಗಲೆಂದು ತೆಂಗಿನ ಮರಕ್ಕೇ ಮೆಟ್ಟಿಲು ಕಡಿಯುವ ಪದ್ಧತಿಯಲ್ಲಿ ಇಂಥ ಕೆತ್ತನೆಯ ಪರಿಣಾಮ ಕಾಣಬಹುದು. ತೆಂಗು ಏಕದಳ ಸಸ್ಯ. ಮಾವು, ಹಲಸುಗಳಂತೆ ಗಾಯ ಮುಚ್ಚಿಕೊಳ್ಳುವ ಪದರ ಅದರ ಕಾಂಡದಲ್ಲಿಲ್ಲ. ಒಮ್ಮೆ ಕಡಿದ ಕಚ್ಚು ಮರ ಇರುವವರೆಗೂ ಕಚ್ಚೇ, ಕೆಂಪು ಮೂತಿ ಹುಳುವಿಗೆ ಮೊಟ್ಟೆಯಿಡಲು ಜಾಗವೂ ಹೌದು. ಹಿಡಿಗೆ ಹುಳು ಬೀಳದು, ನಿಜ. ಆದರೆ ಟೊಳ್ಳು ಅಚ್ಚಿನ ಹಿಡಿಯ ಗೋಡೆ ತೆಳು. ಆಳವಾದ ಗೀರಿನ ಬುಡದಿಂದಲೇ ಬಿರುಕು ಹೊರಡುತ್ತದೆ.

ಆದ್ದರಿಂದ ತೊಳೆದೂ ಜಾರುವ ಹಿಡಿಗೆ ಮೊದಲು ಮೇಲಿನಿಂದ ಏನಾದರೂ ಕೂಡಿಸಿ ನೋಡುವುದು ಲೇಸು. ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಎಪಾಕ್ಸಿ ಅಂಟು ತೆಳ್ಳಗೆ ಹಚ್ಚಿ, ಜರಡಿ ಹಿಡಿದ ನುಣ್ಣನೆ ಮರಳು ಉದುರಿಸಿ ಒಣಗಲು ಬಿಡಬಹುದು. ಪಾಲಿಪ್ರೊಪಿಲೀನಿಗೆ ಮಾತ್ರ ಸಾಮಾನ್ಯ ಅಂಟು ಸರಿಯಾಗಿ ಹಿಡಿಯದು. ಅಲ್ಲಿ ಅರದಿಂದ ಅಡ್ಡಗೀರು ಹಾಕಬೇಕು, ಇಲ್ಲವೇ ಕಾದ ಸೋಲ್ಡರಿಂಗ್ ಕಡ್ಡಿಯ ತುದಿಯಿಂದ ಚುಕ್ಕೆ ಒತ್ತಬೇಕು. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಗೆ ಕರಗಿದರೆ ನೈಲಾನ್ 6 ಕರಗಲು 220 ಬೇಕು. ಕಡ್ಡಿಯ ಕಾವು ಅದಕ್ಕೆ ತಕ್ಕಂತಿರಲಿ. ಚುಕ್ಕೆಗಳು ಒಂದಕ್ಕೊಂದು ಸೇರದೆ ಕುಳಿಗಳಾಗಿಯೇ ಉಳಿದರೆ ಎಣ್ಣೆ ಅಲ್ಲೇ ನಿಲ್ಲುತ್ತದೆ. ಅಂಚಿನವರೆಗೆ ಹರಿಯುವ ಗೀರು ಇಲ್ಲಿಗೆ ಮೇಲು, ನೋಡಲು ಚುಕ್ಕೆಯಷ್ಟು ಚೆಂದವಿಲ್ಲದಿದ್ದರೂ. ಪಿವಿಸಿಯನ್ನಂತೂ ಸುಡಲೇಬಾರದು, ಹೈಡ್ರೋಜನ್ ಕ್ಲೋರೈಡ್ ಹೊಗೆ ಏಳುತ್ತದೆ.

ಸೈಕಲ್ ಟ್ಯೂಬು ಸುತ್ತಿದರೆ ಮುಗಿಯಿತಲ್ಲ, ಇಷ್ಟೆಲ್ಲ ಏಕೆ ಎನ್ನುವವರಿದ್ದಾರೆ. ಎಳನೀರು ಕೆತ್ತುವ ಮಚ್ಚಿಗೆ ಅದು ಸಾಕು, ಅಲ್ಲಿ ತಾಗುವುದು ನೀರು. ಕೊಬ್ಬರಿ ಕೆಲಸಕ್ಕೆ ಬಾರದು: ನೈಸರ್ಗಿಕ ರಬ್ಬರು ಎಣ್ಣೆ ಹೀರಿ ಉಬ್ಬಿ ಮೆತ್ತಗಾಗುತ್ತದೆ, ಸುತ್ತು ಸಡಿಲವಾಗಿ ಬೀಸಿನ ನಡುವೆ ತಿರುಗುತ್ತದೆ. ಹಿಡಿಯ ದಪ್ಪವೂ ಹೆಚ್ಚಿ ಚಿಕ್ಕ ಕೈಗೆ ಅಳತೆ ತಪ್ಪುತ್ತದೆ. ಹೊಸದನ್ನೇ ಕೊಂಡರಾಯಿತು ಎಂಬ ವಾದದಲ್ಲಿ ತೂಕವಿದೆ, ಅಗ್ಗದ ಮಚ್ಚಿಗೆ ಅದೇ ಸರಿ. ಆದರೆ ಅಲಗು ಹದವಾಗಿದ್ದು ಹಿಡಿ ಮಾತ್ರ ಹೋಗಿದ್ದರೆ ಜಾಲಿಮರದ ಹಿಡಿ ಹಾಕಿಸುವ ಹಳೆಯ ದಾರಿ ಇದ್ದೇ ಇದೆ. ಮರದ ಹಿಡಿಯನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಒರಟು ಹಿಡಿಯಿಂದ ಬೊಬ್ಬೆ ಏಳುತ್ತದೆಂಬ ದೂರು ಸುಳ್ಳಲ್ಲ. ಅದಕ್ಕೆ ಪರಿಹಾರ ಒರಟನ್ನು ಬೆರಳು ಸುತ್ತುವ ಕಡೆಗಷ್ಟೇ ಇಟ್ಟು, ಹೆಬ್ಬೆರಳ ಸಂದಿ ಉಜ್ಜುವ ಬೆನ್ನನ್ನು ನುಣ್ಣಗೇ ಬಿಡುವುದು. ಗಾಜಿನ ನಾರು ಬೆರೆಸಿದ ನೈಲಾನಿನಲ್ಲಿ ಉಜ್ಜಿದ ಕಡೆ ನಾರಿನ ತುದಿ ಹೊರಬಂದು ಚರ್ಮ ತುರಿಸುತ್ತದೆ. ಅಂಥದ್ದನ್ನು ಒದ್ದೆ ಮಾಡಿಕೊಂಡೇ ಉಜ್ಜಿ, ಮೇಲೆ ಎಪಾಕ್ಸಿ ಬಳಿದು ಮುಚ್ಚಬೇಕಾಗುತ್ತದೆ.