ಅಜ್ಜಿಯ ಅರ್ಧ ಮಾತ್ರೆಗೆ ನೂರೈವತ್ತು ವರ್ಷದ ಕಥೆ

ಕಬ್ಬು ಅರೆಯುವ ಕಾಲದಲ್ಲಿ ನಮ್ಮ ಕೊಪ್ಪದ ರಸ್ತೆಗೆ ರಾತ್ರಿ ಅನ್ನೋದೇ ಇರಲ್ಲ. ಕಾರ್ಖಾನೆ ಕಡೆಗೆ ಟ್ರ್ಯಾಕ್ಟರುಗಳ ಸಾಲು, ಒಂದೊಂದರಲ್ಲೂ ಒಂದೊಂದು ಹಾಡು. ಅಂಥದ್ದೇ ಒಂದು ಹಂಗಾಮಿನಲ್ಲಿ, ತಾತ ತೀರಿಕೊಂಡ ವರ್ಷ, ನಮ್ಮಜ್ಜಿಗೆ ನಿದ್ದೆ ಕೆಟ್ಟಿತು. ಡಾಕ್ಟರು ಹತ್ತು ದಿನಕ್ಕೆ ಅಂತ ಅರ್ಧ ಮಾತ್ರೆ ಬರೆದುಕೊಟ್ಟರು. ಆ ಚೀಟಿ ನಾಲ್ಕು ವರ್ಷ ಓಡಿತು. ಮಡಿಸಿ ಮಡಿಸಿ ಹರಿದ ಮೇಲೆ ಖಾಲಿ ಸ್ಟ್ರಿಪ್ ತೋರಿಸಿದರೂ ಮಾತ್ರೆ ಸಿಗುತ್ತಿತ್ತು.

ಹಬ್ಬಕ್ಕೆ ಹೋದಾಗ ಗಮನಿಸಿದೆ. 'ಅರ್ಧ ಮಾತ್ರೆ' ಅನ್ನೋದು ಹೆಸರಿಗೆ ಮಾತ್ರ, ಅಜ್ಜಿ ನುಂಗುತ್ತಿದ್ದದ್ದು ಇಡೀ ಒಂದು. ಯಾಕಜ್ಜಿ ಅಂದರೆ, "ಅದಿಲ್ದೆ ಕಣ್ಣು ಮುಚ್ಚಕ್ಕಾಗಲ್ಲ ಕನವ್ವ. ಎರಡು ದಿನ ಬುಟ್ಟಿದ್ದೆ, ಕೈಯೆಲ್ಲ ನಡುಗೋಕೆ ಸುರು ಆಯ್ತು" ಅಂದಳು.

ಆ ನಡುಕ ಎಲ್ಲಿಂದ ಬಂತು ಅಂತ ಓದುತ್ತಾ ಹೋದೆ. ಓದಿದ್ದು ನನ್ನನ್ನು 1869ರ ಬರ್ಲಿನ್‌ವರೆಗೆ ಕರೆದುಕೊಂಡು ಹೋಯಿತು.

ಆ ವರ್ಷ ಲೀಬ್‌ರೈಖ್ ಎಂಬ ಜರ್ಮನ್ ವೈದ್ಯ, ಕ್ಲೋರಲ್ ಹೈಡ್ರೇಟ್ ಎಂಬ ರಾಸಾಯನಿಕ ಮನುಷ್ಯನನ್ನು ಮಲಗಿಸುತ್ತದೆ ಎಂದು ತೋರಿಸಿದ. ಅದಕ್ಕೂ ಮುಂಚೆ ನಿದ್ದೆಗೆ ಇದ್ದದ್ದು ಅಫೀಮು, ಹೆಂಡ, ಬ್ರೋಮೈಡ್. ಕ್ಲೋರಲ್ ಅಫೀಮಿಗಿಂತ ವಾಸಿ ಎಂದು ಆಸ್ಪತ್ರೆಗಳು ಅದನ್ನೇ ಹಿಡಿದುಕೊಂಡವು. ಕೆಲವೇ ವರ್ಷಗಳಲ್ಲಿ ಕ್ಲೋರಲ್ ಇಲ್ಲದೆ ಇರಲಾರದವರು ಹುಟ್ಟಿಕೊಂಡರು. 1903ರಲ್ಲಿ ಅದಕ್ಕಿಂತ 'ಒಳ್ಳೆಯ' ಬಾರ್ಬಿಟಾಲ್ ಬಂತು, 1912ರಲ್ಲಿ ಫಿನೋಬಾರ್ಬಿಟಾಲ್. ಇದು ಇವತ್ತಿಗೂ ಫಿಟ್ಸ್ ಕಾಯಿಲೆಗೆ ಬಳಕೆಯಲ್ಲಿದೆ. ಆದರೆ ಈ ಗುಂಪಿನ ಮಾತ್ರೆಗಳಲ್ಲಿ ಮಲಗಿಸುವ ಪ್ರಮಾಣಕ್ಕೂ ಉಸಿರು ನಿಲ್ಲಿಸುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಜೊತೆಗೆ ಕುಡಿತ ಸೇರಿದರೆ ಅಷ್ಟೂ ಇರುವುದಿಲ್ಲ.

ಆಮೇಲೆ 1960ರಲ್ಲಿ ಲಿಬ್ರಿಯಂ, 1963ರಲ್ಲಿ ವ್ಯಾಲಿಯಂ. ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನ ವಿಜ್ಞಾನಿ ಕಂಡುಹಿಡಿದದ್ದು. ಇವು ಹಳೆಯವಕ್ಕಿಂತ ನಿಜಕ್ಕೂ ಸುರಕ್ಷಿತವಾಗಿದ್ದವು, ಅದಕ್ಕೇ ಲೋಕವೆಲ್ಲ ನುಂಗಿತು. ಅಜ್ಜಿಯ ಮಾತ್ರೆ ಆಲ್ಪ್ರಜೋಲಾಂ ಇದೇ ವಂಶದ್ದು, 1981ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಅದು ಮೂಲತಃ ಆತಂಕದ ಔಷಧಿ, ನಮ್ಮ ಕಡೆ ನಿದ್ದೆ ಮಾತ್ರೆ ಅಂತಲೇ ಹೆಸರಾಯಿತು. ಈ ವಂಶಕ್ಕೂ ಅಂಟಿಕೊಳ್ಳುವ ಗುಣ ಇದೆ ಎಂದು ಒಪ್ಪಿಕೊಳ್ಳಲು ಇಪ್ಪತ್ತೈದು ವರ್ಷ ಬೇಕಾಯಿತು. 1988ರಲ್ಲಿ ಬ್ರಿಟನ್ನಿನ ಔಷಧಿ ಸುರಕ್ಷತಾ ಸಮಿತಿ, ಇವನ್ನು ಎರಡರಿಂದ ನಾಲ್ಕು ವಾರ ಮಾತ್ರ ಕೊಡಿ ಎಂದು ವೈದ್ಯರಿಗೆ ಹೇಳಿತು. ಅಜ್ಜಿಯ ಡಾಕ್ಟರು ಬರೆದ ಹತ್ತು ದಿನ ಸರಿಯಾಗಿಯೇ ಇತ್ತು!

ನಮ್ಮ ದೇಶದ್ದೂ ಒಂದು ಅಧ್ಯಾಯ ಇದೆ. ಬಿಹಾರದ ಕಡೆ 'ಹುಚ್ಚಿನ ಮದ್ದು' ಅಂತಲೇ ಕರೆಯುತ್ತಿದ್ದ ಸರ್ಪಗಂಧದ ಬೇರಿನ ಬಗ್ಗೆ 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಬರೆದರು. ರೋಗಿಗಳು ಶಾಂತವಾಗುತ್ತಾರೆ, ಮಲಗುತ್ತಾರೆ, ರಕ್ತದೊತ್ತಡ ಇಳಿಯುತ್ತದೆ ಎಂದರು. 1952ರಲ್ಲಿ ಸ್ವಿಟ್ಜರ್ಲೆಂಡಿನವರು ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ಅದನ್ನು ತೆಗೆದುಕೊಂಡ ಕೆಲವರು ಖಿನ್ನತೆಗೆ ಬಿದ್ದರು ಎಂಬ ವರದಿಗಳೂ ಬಂದವು. ಗಿಡಮೂಲಿಕೆ ಅಂದ ಮಾತ್ರಕ್ಕೆ ನಿರಪಾಯ ಅಲ್ಲ.

ಇನ್ನು ನಡುಕದ ವಿಷಯ. ರಾಯಚೂರು, ಕಲಬುರಗಿ ಕಡೆಯವರಿಗೆ 'ಸಿಎಚ್ ಪೌಡರ್' ಗೊತ್ತು. ಕಲಬೆರಕೆ ಸೇಂದಿಗೆ ಬೆರೆಸುವ ಪುಡಿ. ಅದು ಬೇರೇನಲ್ಲ, 1869ರ ಅದೇ ಕ್ಲೋರಲ್ ಹೈಡ್ರೇಟ್. ಗಡಿಯಾಚೆ ತೆಲಂಗಾಣದಲ್ಲಿ ಇದರ ಜೊತೆ ವ್ಯಾಲಿಯಂ, ಆಲ್ಪ್ರಜೋಲಾಂ ಕೂಡ ಬೆರೆಸುತ್ತಿದ್ದರು. 2015ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರ್ಕಾರ ಕಲಬೆರಕೆ ಮೇಲೆ ದಾಳಿ ಮಾಡಿದಾಗ ನಿಜಾಮಾಬಾದ್, ಮೇದಕ್ ಕಡೆಯ ಹಳ್ಳಿಗಳಲ್ಲಿ ಜನ ಒಮ್ಮೆಲೇ ಕುಸಿದರು. ಕೈ ನಡುಕ, ಫಿಟ್ಸ್, ಏನೇನೋ ಬಡಬಡಿಸುವುದು. ಆಸ್ಪತ್ರೆಗಳು ತುಂಬಿಹೋದವು. ತಾವು ಇಷ್ಟು ವರ್ಷ ಕುಡಿಯುತ್ತಿದ್ದದ್ದು ನಿದ್ದೆ ಔಷಧಿ ಎಂದು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ.

ಅಜ್ಜಿಯ ಕೈ ನಡುಗಿದ್ದೂ ಇದೇ ಕಾರಣಕ್ಕೆ. ಮೆದುಳಿಗೆ ತನ್ನದೇ ಬ್ರೇಕ್ ಇದೆ, ಮಾತ್ರೆ ಅದನ್ನು ಒತ್ತುತ್ತದೆ. ದಿನಾ ಹೊರಗಿನಿಂದ ಒತ್ತುತ್ತಿದ್ದರೆ ಮೆದುಳು ತನ್ನ ಬ್ರೇಕನ್ನು ಸಡಿಲ ಬಿಡುತ್ತದೆ. ಅದಕ್ಕೇ ಅರ್ಧ ಸಾಲದೆ ಒಂದು ಬೇಕಾಗುತ್ತದೆ. ತಟ್ಟನೆ ಕಾಲು ತೆಗೆದರೆ ಇಳಿಜಾರಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಇದ್ದ ಹಾಗೆ. ಇದನ್ನು ಓದಿ ಹೆದರಿ ನಿಮ್ಮ ಮನೆಯ ಹಿರಿಯರ ಸ್ಟ್ರಿಪ್ ಕಿತ್ತು ಎಸೆಯಬೇಡಿ. ನಾನು ಹಾಗೆ ಮಾಡಲು ಹೊರಟಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಇತ್ತೀಚಿನ ಜೋಲ್ಪಿಡೆಂ ಕಥೆಯೂ ಹೆಚ್ಚು ಬೇರೆಯಲ್ಲ. 2013ರಲ್ಲಿ ಅಮೆರಿಕ ಹೆಂಗಸರಿಗೆ ಅದರ ಪ್ರಮಾಣವನ್ನು 10 ಮಿ.ಗ್ರಾಂನಿಂದ 5ಕ್ಕೆ ಇಳಿಸಿತು. ಬೆಳಿಗ್ಗೆ ಗಾಡಿ ಓಡಿಸುವಾಗಲೂ ಔಷಧಿ ರಕ್ತದಲ್ಲಿ ಉಳಿದಿರುತ್ತಿತ್ತು. ರಾತ್ರಿ ಮಾತ್ರೆ ನುಂಗಿ ಮೂರು ಗಂಟೆಗೆ ಕರೆಂಟ್ ಬಂತು ಅಂತ ಪಂಪ್‌ಸೆಟ್ ಹಾಕಲು ಏಳುವವರು ಇದನ್ನು ನೆನಪಿಡಿ.

ನಮ್ಮಲ್ಲಿ 2014ರ ಮಾರ್ಚ್ 1ರಿಂದ ಆಲ್ಪ್ರಜೋಲಾಂ, ಡಯಾಜೆಪಾಂ, ನೈಟ್ರಜೆಪಾಂ, ಜೋಲ್ಪಿಡೆಂ 'ಎಚ್1' ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಕೊಡುವಂತಿಲ್ಲ. ಚೀಟಿ ಇದ್ದರೂ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಎಂಬುದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಅಜ್ಜಿಗೆ ಖಾಲಿ ಸ್ಟ್ರಿಪ್ಪಿಗೆ ಮಾತ್ರೆ ಸಿಗುತ್ತಿದ್ದದ್ದು ಈ ಕಾನೂನು ಬಂದ ಮೇಲೆಯೇ.

ಕೊನೆಗೆ ಅಜ್ಜಿಯನ್ನು ಮನೋವೈದ್ಯರ ಬಳಿ ಕರೆದುಕೊಂಡು ಹೋದೆವು. "ನಂಗೇನ್ ಹುಚ್ಚಾ?" ಅಂತ ದಾರಿಯುದ್ದಕ್ಕೂ ಬೈದಳು. (ಹೋಗಲಾಗದವರು 14416ಕ್ಕೆ ಫೋನ್ ಮಾಡಬಹುದು. ಅದು 'ಟೆಲಿ ಮಾನಸ್', ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.) ಡಾಕ್ಟರು ಬೈಯಲಿಲ್ಲ. ರಾತ್ರಿ ಎಷ್ಟು ಸಲ ಏಳುತ್ತೀರಿ, ಗೊರಕೆ ಇದೆಯಾ, ಮಂಡಿನೋವಿಗೆ ಏನು ನುಂಗುತ್ತೀರಿ, ಎಂದಾದರೂ ಬಿದ್ದಿದ್ದೀರಾ ಎಂದು ಕೇಳಿದರು. ಬಚ್ಚಲ ಹತ್ತಿರ ಎರಡು ಸಲ ಬಿದ್ದದ್ದು ನಮಗೂ ಗೊತ್ತಾದದ್ದು ಆವತ್ತೇ. ಕೆಲವು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಇಳಿಸುವ ಲೆಕ್ಕ ಬರೆದುಕೊಟ್ಟರು. ಮಧ್ಯಾಹ್ನ ಮಲಗಬೇಡಿ, ಸಂಜೆ ಕಾಫಿ ಬಿಡಿ ಅಂದರು.

ಐದು ತಿಂಗಳಾಯಿತು. ಈಗ ಕಾಲು ಮಾತ್ರೆಗೆ ಬಂದಿದ್ದಾಳೆ. ಕಾಫಿ ಬಿಟ್ಟಿಲ್ಲ.